ಇಟ್ಟಿಗೆ ಯಾರದು, ಗೋಡೆ ಯಾರದು?

ವಿದ್ಯೆ ಬೇಡ ಎನ್ನುವ ಹಾಡೊಂದು ಲೋಕವನ್ನೆಲ್ಲ ಸುತ್ತಿದೆ. ಹಾಡಿದವರು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡ. ಹಾಡಿನ ಹೆಸರು 'ಅನದರ್ ಬ್ರಿಕ್ ಇನ್ ದ ವಾಲ್', ಎರಡನೆಯ ಭಾಗ. ಗೋಡೆಯಲ್ಲಿ ಇನ್ನೊಂದು ಇಟ್ಟಿಗೆ ಅಂತ ಅರ್ಥ. 1979ರ ನವೆಂಬರಿನಲ್ಲಿ ಹೊರಬಂದ ಈ ಹಾಡು ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನಲ್ಲಿ ಮಾರಾಟದ ಮೊದಲ ಜಾಗಕ್ಕೇರಿತು. 1980ರ ಮಾರ್ಚಿನಲ್ಲಿ ಅಮೆರಿಕದಲ್ಲೂ ಅಷ್ಟೇ. ಈಗಲೂ ಹಾಸ್ಟೆಲಿನ ಹುಡುಗರು ಫೋನಿನಲ್ಲಿ ಇದನ್ನು ಹಾಕಿಕೊಂಡು, ಪರೀಕ್ಷೆಯನ್ನೂ ಮೇಷ್ಟ್ರುಗಳನ್ನೂ ಬೈದುಕೊಂಡು ಕೂಗುವುದುಂಟು.

ನಮಗೆ ಈ ಹಾಡಿನ ಮೊದಲ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾವು ಮನೆಯಲ್ಲಿ ಮೊದಲು ಅಕ್ಷರ ಕಂಡವರು. ನಮ್ಮ ಅಜ್ಜಂದಿರು ಶಾಲೆಯ ಜಗಲಿ ಹತ್ತದೆಯೇ ಮಣ್ಣಾದವರು. ಸತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಮೂಲೆಯಲ್ಲಿ ಕೂರಬೇಕಿತ್ತು. ನೀರು ಬೇಕಾದರೆ ಜವಾನನೇ ಎತ್ತಿ ಹುಯ್ಯಬೇಕು. ಜವಾನ ಬಾರದ ದಿನ ನೀರೂ ಇಲ್ಲ. ಅಂಥ ಗೋಣಿತಟ್ಟಿನಿಂದ ಎದ್ದು ಬಂದ ಮನುಷ್ಯ ನಮಗೆ ಮೊಟ್ಟಮೊದಲು ಹೇಳಿದ್ದು ವಿದ್ಯಾವಂತರಾಗಿ ಅಂತ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಹೇಳಿದ್ದೂ ಅದನ್ನೇ. ಹಾಗಿರುವಾಗ ಹೊಟ್ಟೆ ತುಂಬಿದವನು ಊಟ ಬೇಡ ಅಂದಂತೆ ಬಿಳಿಯರ ಹುಡುಗರು ವಿದ್ಯೆ ಬೇಡ ಅಂದರೆ, ಹಸಿದ ನಾವು ಯಾಕೆ ಚಪ್ಪಾಳೆ ತಟ್ಟಬೇಕು?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಷ್ಟಕ್ಕೇ ನಿಲ್ಲುವ ಹಾಗಿಲ್ಲ. ಯಾಕೆಂದರೆ ಇದೇ ಹಾಡನ್ನು 1980ರಲ್ಲಿ ದಕ್ಷಿಣ ಆಫ್ರಿಕಾದ ಶಾಲೆಗಳ ಕಪ್ಪು ಮಕ್ಕಳು ಬೀದಿಯಲ್ಲಿ ಹಾಡಿದರು. ಅವರೂ ನಮ್ಮ ಹಾಗೆ ಹಸಿದವರೇ. ಅವರ ಬಾಯಲ್ಲಿ ಅದನ್ನು ಕೇಳಿ ಅಲ್ಲಿಯ ಬಿಳಿಯ ಸರ್ಕಾರ ಹೆದರಿತು, ಹಾಡನ್ನು ನಿಷೇಧಿಸಿತು. ಹಸಿದವರು ಊಟ ಬೇಡ ಅಂದದ್ದು ಯಾಕೆ? ಈ ಚರಿತ್ರೆಯನ್ನು ಬಿಟ್ಟು ಹಾಡಿನ ಅರ್ಥ ಹೇಳಲು ಹೊರಟರೆ ಅರ್ಥ ಸಿಗುವುದಿಲ್ಲ, ಪದಕೋಶ ಸಿಗುತ್ತದೆ.

ಮೊದಲು ಹಾಡು ಹುಟ್ಟಿದ ಜಾಗ ನೋಡೋಣ. ಇದನ್ನು ಬರೆದದ್ದು ತಂಡದ ರೋಜರ್ ವಾಟರ್ಸ್. ಹುಟ್ಟಿದ್ದು 1943ರಲ್ಲಿ. ತಂದೆ ಶಾಲೆಯ ಮೇಷ್ಟ್ರು. 1944ರಲ್ಲಿ ಇಟಲಿಯ ಆನ್ಜಿಯೋ ಯುದ್ಧಭೂಮಿಯಲ್ಲಿ ಸತ್ತರು. ಹಸುಗೂಸಿಗೆ ಅಪ್ಪನ ಮುಖ ನೆನಪಿಲ್ಲ. ಮುಂದೆ ಕೇಂಬ್ರಿಜ್‌ನ ಗಂಡುಮಕ್ಕಳ ಶಾಲೆಯಲ್ಲಿ ಓದುವಾಗ ಕಂಡದ್ದು ಬೆತ್ತ, ಗೇಲಿ, ಅವಮಾನ. 'ದ ವಾಲ್' ಎಂಬುದು ಈ ಬದುಕಿನ ಸುತ್ತ ಕಟ್ಟಿದ ಎರಡು ತಟ್ಟೆಗಳ ಉದ್ದನೆಯ ಕಥನ. ಒಬ್ಬ ಮನುಷ್ಯನ ಸುತ್ತ ಒಂದೊಂದೇ ಇಟ್ಟಿಗೆ ಏರಿ ಗೋಡೆಯಾಗುತ್ತದೆ. ಅಪ್ಪನ ಸಾವು ಒಂದು ಇಟ್ಟಿಗೆ, ಶಾಲೆ ಒಂದು, ಅವ್ವನ ಅತಿಯಾದ ಕಾವಲು ಒಂದು, ಮುರಿದ ದಾಂಪತ್ಯ ಒಂದು. 'ಅನದರ್ ಬ್ರಿಕ್' ಎಂಬ ಹೆಸರಿನಲ್ಲೇ ಮೂರು ಹಾಡುಗಳಿವೆ. ಜಗತ್ತಿಗೆ ಗೊತ್ತಿರುವುದು ನಡುವಿನದು ಮಾತ್ರ.

ಇದನ್ನು ಬಿಡಿಯಾಗಿ ಕೇಳಿದವರಿಗೆ ಒಂದು ಸಂಗತಿ ತಪ್ಪಿಹೋಗುತ್ತದೆ. ತಟ್ಟೆಯಲ್ಲಿ ಇದಕ್ಕೆ ಅಂಟಿಕೊಂಡೇ ಮುಂಚೆ ಇನ್ನೊಂದು ಚಿಕ್ಕ ಹಾಡಿದೆ. ಅದು ಹೆಲಿಕಾಪ್ಟರಿನ ಸದ್ದಿನಿಂದ ಶುರುವಾಗುತ್ತದೆ. ಮಕ್ಕಳನ್ನು ಹೊಡೆದು ಹಂಗಿಸುವ ಮೇಷ್ಟ್ರು ಅದರಲ್ಲಿ ಬರುತ್ತಾರೆ. ಆ ಮೇಷ್ಟ್ರು ಸಂಜೆ ಮನೆಗೆ ಹೋದರೆ ಹೆಂಡತಿಯ ಕೈಲಿ ತಾನೇ ಏಟು ತಿನ್ನುವವನು. ಅಲ್ಲಿ ತಿಂದದ್ದನ್ನು ಇಲ್ಲಿ ಮಕ್ಕಳ ಮೇಲೆ ತೀರಿಸುತ್ತಾನೆ. ಹೆಂಡತಿಯನ್ನು ರಾಕ್ಷಸಿ ಮಾಡಿ ನಗಿಸುವ ಗಂಡಸರ ಹಳೇ ಚಾಳಿ ಇಲ್ಲೂ ಇದೆ, ಅದನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಕೆಳಗಿನವನನ್ನು ತುಳಿಯುವವನು ತಾನೂ ಮೇಲಿನವರಿಂದ ತುಳಿಸಿಕೊಂಡವನೇ ಎಂಬ ತಿಳಿವು ಅಲ್ಲಿದೆ. ಜಾತಿಯ ಮೆಟ್ಟಿಲುಗಳನ್ನು ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಹಾಡಿನಲ್ಲಿ ಇಟ್ಟಿಗೆ ಎನ್ನುವುದು ಮೇಷ್ಟ್ರೊಬ್ಬನ ಹೆಸರಲ್ಲ. ಮೇಷ್ಟ್ರೂ ಇಟ್ಟಿಗೆಯೇ, ಮಗುವೂ ಇಟ್ಟಿಗೆಯೇ. ಗೋಡೆ ಎಂದರೆ ಇಡೀ ವ್ಯವಸ್ಥೆ. 1982ರಲ್ಲಿ ಆಲನ್ ಪಾರ್ಕರ್ ಇದನ್ನು ಸಿನಿಮಾ ಮಾಡಿದಾಗ ಒಂದೇ ಥರದ ಮುಖವಾಡ ತೊಟ್ಟ ಮಕ್ಕಳು ಸಾಲಾಗಿ ಬಂದು ಮಾಂಸ ಅರೆಯುವ ಯಂತ್ರಕ್ಕೆ ಬೀಳುತ್ತಾರೆ. ಅಲ್ಲಿ ಕಾಣುವುದು ಶಾಲೆಯಲ್ಲ, ಕಾರ್ಖಾನೆ.

ಇನ್ನು ಭಾಷೆಯ ಮಾತು. ಹಾಡಿನ ಮೊದಲ ಸಾಲಿನಲ್ಲಿ ಎರಡು 'ಇಲ್ಲ'ಗಳಿವೆ. ಶಿಷ್ಟ ಇಂಗ್ಲಿಷಿನ ವ್ಯಾಕರಣದ ಪ್ರಕಾರ ಎರಡು ಇಲ್ಲ ಸೇರಿದರೆ ಹೌದು ಆಗುತ್ತದೆ. ಆಗ ಸಾಲಿನ ಅರ್ಥ ತಿರುಗಿ ನಮಗೆ ವಿದ್ಯೆ ಬೇಕು ಎಂದಾಗಿಬಿಡುತ್ತದೆ! ಪಂಡಿತರು ಇದನ್ನು ಹಿಡಿದು ನಕ್ಕಿದ್ದಾರೆ: ನೋಡಿ, ವಿದ್ಯೆ ಬೇಡ ಅನ್ನುವವರಿಗೆ ಎಷ್ಟು ಜರೂರಾಗಿ ವಿದ್ಯೆ ಬೇಕಾಗಿದೆ ಅಂತ. ಆದರೆ ಲಂಡನ್ನಿನ ಕೂಲಿಕಾರರ ಕೇರಿಗಳಲ್ಲಿ, ಅಮೆರಿಕದ ಕಪ್ಪು ಜನರ ಮಾತಿನಲ್ಲಿ ಎರಡು ಇಲ್ಲ ಸೇರಿದರೆ ಹೌದು ಆಗುವುದಿಲ್ಲ, ಗಟ್ಟಿ ಇಲ್ಲ ಆಗುತ್ತದೆ. ಸರಿ ತಪ್ಪು ಯಾರ ಕಿವಿಯಲ್ಲಿದೆ ಎಂಬುದೇ ಇಲ್ಲಿನ ಜಗಳ. ಅದೇ ಲಂಡನ್ನಿನ ದುಡಿಯುವ ಜನ ಮಾತಾಡುವಾಗ 'ಹ'ಕಾರ ಬಿಟ್ಟುಬಿಡುತ್ತಾರೆ. ಶಾಲೆಯ ಮೇಷ್ಟ್ರುಗಳು ಅದನ್ನು ತಿದ್ದಿ ತಿದ್ದಿ ಮಕ್ಕಳ ಬಾಯಿ ಕಟ್ಟಿದ್ದಾರೆ. ನಮ್ಮ ಕೇರಿಯ ಮಗು ಹಾಲಿಗೆ 'ಆಲು' ಅಂದರೆ, ಹಳ್ಳಿಗೆ 'ಅಳ್ಳಿ' ಅಂದರೆ ಇಡೀ ತರಗತಿ ನಗುವುದಿಲ್ಲವೇ? ಆ ನಗುವಿಗೆ ಹೆದರಿ ಮತ್ತೆ ಬಾಯೇ ಬಿಡದ ಮಕ್ಕಳು ಎಷ್ಟು ಜನ! ಹಾಡು ವ್ಯಾಕರಣ ತಪ್ಪಿದೆ ಅನ್ನುವವರಿಗೆ ನಮ್ಮ ಉತ್ತರ ಇಷ್ಟು: ಆ ತಪ್ಪೇ ಅದರ ಅರ್ಥದ ಅರ್ಧ ಭಾಗ.

ಈ ತಪ್ಪು ಇಂಗ್ಲಿಷನ್ನು ಹಾಡಿದ ಮಕ್ಕಳು ಯಾರು? ತಂಡದ ಸ್ಟುಡಿಯೋ ಇದ್ದದ್ದು ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ. ಪಕ್ಕದಲ್ಲೇ ಇಸ್ಲಿಂಗ್ಟನ್ ಗ್ರೀನ್ ಎಂಬ ಸಾರ್ವಜನಿಕ ಶಾಲೆ. ಅಲ್ಲಿನ ಸಂಗೀತದ ಮೇಷ್ಟ್ರು ಆಲನ್ ರೆನ್‌ಶಾ ಹದಿಮೂರು ಹದಿನಾಲ್ಕು ವಯಸ್ಸಿನ 23 ಮಕ್ಕಳನ್ನು ಕರೆದೊಯ್ದು ಹಾಡಿಸಿದರು. ಅವರ ದನಿಯನ್ನು ಹನ್ನೆರಡು ಸಲ ಒಂದರ ಮೇಲೊಂದು ಮುದ್ರಿಸಿದ್ದರಿಂದ ಇಪ್ಪತ್ಮೂರು ಮಕ್ಕಳ ದನಿ ದೊಡ್ಡ ಗುಂಪಿನ ದನಿಯಾಯಿತು. ನಿರ್ಮಾಪಕ ಬಾಬ್ ಎಜ್ರಿನ್ ಇದಕ್ಕೆ ಕುಣಿಸುವಂಥ ಡಿಸ್ಕೋ ತಾಳ ಕೊಡಿಸಿದ. ಒಂದೇ ಪದ್ಯದ ಪುಟ್ಟ ಹಾಡು ಮಕ್ಕಳ ದನಿಯಿಂದ ಎರಡು ಪದ್ಯದ ಹಾಡಾಯಿತು. ಮೊದಲು ದೊಡ್ಡವರು ಹಾಡುತ್ತಾರೆ, ಆಮೇಲೆ ಅದೇ ಮಾತನ್ನು ಮಕ್ಕಳು ಕಿತ್ತುಕೊಂಡು ಹಾಡುತ್ತಾರೆ. ನಮ್ಮ ಪ್ರಕಾರ ಹಾಡಿಗೆ ಜೀವ ಬಂದದ್ದು ಆ ಎರಡನೆಯ ಸಲದಲ್ಲಿ. ದೊಡ್ಡವನು ತನ್ನ ಬಾಲ್ಯವನ್ನು ನೆನೆದು ಬೇಸರಪಟ್ಟರೆ ಅದು ನೆನಪು. ಮಗುವೇ ಬಾಯಿಬಿಟ್ಟರೆ ಅದು ದೂರು.

ಆದರೆ ದೂರು ಕೊಟ್ಟ ಮಕ್ಕಳಿಗೆ ಸಿಕ್ಕಿದ್ದೇನು? ಶಾಲೆಗೆ ಒಂದು ಸಾವಿರ ಪೌಂಡು ಕೊಟ್ಟರು. ಹಾಡಿದ ಮಕ್ಕಳ ಕೈಗೆ ದುಡ್ಡು ಬರಲಿಲ್ಲ. ಹಾಡು ತೋರಿಸುವ ಚಿತ್ರದಲ್ಲಿ ಅವರ ಮುಖವೂ ಬರಲಿಲ್ಲ; ಬಾಯಿ ಆಡಿಸಿದವರು ಬೇರೆ ಮಕ್ಕಳು. ಕಂಪನಿಗಳು ತಟ್ಟೆಗಳನ್ನು ಕೋಟಿಗಟ್ಟಲೆ ಮಾರಿದವು. 1996ರಲ್ಲಿ ಬ್ರಿಟನ್ನಿನ ಕಾನೂನು ಬದಲಾಗಿ, ತಟ್ಟೆಯಲ್ಲಿ ದನಿ ಕೊಟ್ಟವರಿಗೂ ರೇಡಿಯೋ ಮುಂತಾದ ಕಡೆ ಬಾರಿಸಿದ್ದಕ್ಕೆ ಪಾಲು ಸಿಗುವಂತಾಯಿತು. 2004ರಲ್ಲಿ, ಆ ಹೊತ್ತಿಗೆ ನಲವತ್ತರ ಹತ್ತಿರ ಬಂದಿದ್ದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ಪಾಲು ಕೇಳಿ ಮುಂದೆ ಬಂದರು. ಬಂಡಾಯವನ್ನೂ ಬಂಡವಾಳ ಹೇಗೆ ಸರಕು ಮಾಡುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಗೋಡೆಯ ವಿರುದ್ಧದ ಹಾಡಿಗೂ ಇಟ್ಟಿಗೆ ಹೊತ್ತವರು ಕೂಲಿಯಿಲ್ಲದ ಮಕ್ಕಳೇ. ಇಷ್ಟಾದರೂ ಸರಕಾದ ಹಾಡು ಸತ್ತ ಹಾಡು ಎಂದು ತೀರ್ಮಾನ ಕೊಡಲು ಅವಸರ ಬೇಡ. ಮಾರಿದವನ ಲೆಕ್ಕ ಒಂದಾದರೆ ಕೊಂಡವನ ಲೆಕ್ಕ ಇನ್ನೊಂದಿರುತ್ತದೆ.

ಆ ಇನ್ನೊಂದು ಲೆಕ್ಕಕ್ಕಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕು. ಅಲ್ಲಿ 1948ರಿಂದ ವರ್ಣಭೇದವೇ ಸರ್ಕಾರದ ನೀತಿ. 1953ರಲ್ಲಿ ಬಾಂಟು ಶಿಕ್ಷಣ ಕಾಯಿದೆ ಬಂತು. ಅದರ ಹಿಂದಿನ ತಲೆ, ಆಗ ಮಂತ್ರಿಯಾಗಿದ್ದ ಹೆಂಡ್ರಿಕ್ ಫರ್ವೂರ್ಟ್. ಬಿಳಿಯರ ಸಮಾಜದಲ್ಲಿ ಕರಿಯನಿಗೆ ಕೂಲಿಯ ಮಟ್ಟಕ್ಕಿಂತ ಮೇಲೆ ಜಾಗವಿಲ್ಲ, ಜಾಗವೇ ಇಲ್ಲದ ಮೇಲೆ ಅದಕ್ಕೆ ಬೇಕಾದ ಓದು ಯಾಕೆ ಎಂಬುದು ಆತ ಮುಚ್ಚುಮರೆಯಿಲ್ಲದೆ ಆಡಿದ ಮಾತು. ನಮ್ಮಲ್ಲಿ ಶೂದ್ರನ ಕಿವಿಗೆ ವೇದ ಬೀಳಬಾರದು ಎಂದ ಶಾಸ್ತ್ರ ಓದನ್ನೇ ಮುಚ್ಚಿತು. ಫರ್ವೂರ್ಟ್ ಇನ್ನೂ ಜಾಣ. ಆತ ಶಾಲೆ ತೆರೆದ. ಜೀತಕ್ಕೆ ಬೇಕಾಗುವಷ್ಟು ಕಲಿಸುವ ಶಾಲೆ! 1963ರಲ್ಲಿ 'ಕಲರ್ಡ್' ಎಂದು ಸರ್ಕಾರ ಹೆಸರಿಟ್ಟ ಮಿಶ್ರ ಜನಾಂಗದ ಮಕ್ಕಳಿಗೆ ಬೇರೆ ಕಾಯಿದೆ, 1965ರಲ್ಲಿ ಇಂಡಿಯನ್ನರ ಮಕ್ಕಳಿಗೆ ಬೇರೆ ಕಾಯಿದೆ. 1975-76ರಲ್ಲಿ ಒಂದು ಬಿಳಿಯ ಮಗುವಿನ ಓದಿಗೆ ಸರ್ಕಾರ ಖರ್ಚು ಮಾಡಿದ್ದು 644 ರ್ಯಾಂಡ್, ಇಂಡಿಯನ್ ಮಗುವಿಗೆ 189, ಕಲರ್ಡ್ ಮಗುವಿಗೆ 139, ಆಫ್ರಿಕನ್ ಮಗುವಿಗೆ 42. ಇದು ಬರೀ ಬಡತನ ಅಲ್ಲ, ಮೆಟ್ಟಿಲು. ಒಬ್ಬರ ಕಾಲ ಕೆಳಗೆ ಇನ್ನೊಬ್ಬರ ತಲೆ ಇರುವಂತೆ ಅಳೆದು ಕಟ್ಟಿದ್ದು.

ಈ ಶಾಲೆಗಳಲ್ಲಿ ಅರ್ಧದಷ್ಟು ವಿಷಯಗಳನ್ನು ಆಫ್ರಿಕಾನ್ಸ್‌ನಲ್ಲೇ, ಅಂದರೆ ಆಳುವವರ ಭಾಷೆಯಲ್ಲೇ ಕಲಿಯಬೇಕು ಎಂಬ ಆಜ್ಞೆ 1974ರಲ್ಲಿ ಹೊರಟಿತು. 1976ರ ಜೂನ್ 16ರಂದು ಸೊವೆಟೋದ ಮಕ್ಕಳು ಸಮವಸ್ತ್ರದಲ್ಲೇ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್ಸನ್ ಎಂಬ ಎಳೆಯ ಹುಡುಗನನ್ನು ಎತ್ತಿಕೊಂಡು ಓಡುವ ಚಿತ್ರವನ್ನು ಲೋಕವೇ ನೋಡಿತು. ಆ ದಂಗೆಗಳಲ್ಲಿ ಸತ್ತವರು ಸರ್ಕಾರದ ಆಯೋಗದ ಲೆಕ್ಕದಲ್ಲೇ 575 ಜನ. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ಟೀವ್ ಬಿಕೋ ಪೊಲೀಸರ ವಶದಲ್ಲಿ ಸತ್ತ. ಸರ್ಕಾರ ಹಂಚಿದ ಹೆಸರುಗಳನ್ನು ಬಿಸಾಕಿ ಆಫ್ರಿಕನ್, ಕಲರ್ಡ್, ಇಂಡಿಯನ್ ಎಲ್ಲರೂ ನಾವು ಕಪ್ಪುಜನ ಅನ್ನಿ ಎಂದು ಕಲಿಸಿದವನು ಬಿಕೋ. ಬೇರೆಯವರು ಇಟ್ಟ ಹೆಸರುಗಳನ್ನು ಬಿಟ್ಟು 'ದಲಿತ' ಎಂಬ ಹೆಸರನ್ನು ನಾವೇ ಎತ್ತಿಕೊಂಡ ಕಾಲವೂ ಹೆಚ್ಚು ಕಡಿಮೆ ಅದೇ.

1980ರ ಏಪ್ರಿಲಿನಲ್ಲಿ ಕೇಪ್‌ಟೌನಿನ ಸುತ್ತಿನ ಕಲರ್ಡ್ ಶಾಲೆಗಳ ಮಕ್ಕಳು ಪಾಠ ಬಹಿಷ್ಕರಿಸಿದರು. ಬಹಿಷ್ಕಾರ ಅಂದರೆ ನಮ್ಮ ಊರುಗಳಲ್ಲಿ ಉಳ್ಳವರು ಕೇರಿಗೆ ಹಾಕುವುದು. ಅಂಗಡಿ ಬಂದ್, ಕೂಲಿ ಬಂದ್, ನೀರು ಬಂದ್. ಅಲ್ಲಿ ಕೇರಿಯ ಮಕ್ಕಳೇ ಸರ್ಕಾರಕ್ಕೆ ಬಹಿಷ್ಕಾರ ಹಾಕಿದರು. ಶಾಲೆಶಾಲೆಗಳಿಂದ ಪ್ರತಿನಿಧಿಗಳು ಬಂದು 81ರ ಸಮಿತಿ ಎಂದು ಕಟ್ಟಿಕೊಂಡರು. ಚಳವಳಿ ಬೇರೆ ಊರುಗಳಿಗೂ ಹಬ್ಬಿತು. ಆಗ ಅಲ್ಲಿ ಮಕ್ಕಳ ಬಾಯಲ್ಲಿ ಓಡಾಡಿದ ಹಾಡುಗಳಲ್ಲಿ ಪಿಂಕ್ ಫ್ಲಾಯ್ಡಿನ ಇಟ್ಟಿಗೆಯ ಹಾಡೂ ಒಂದು. ಇಂಗ್ಲೆಂಡಿನ ಮಕ್ಕಳ ಗುಂಪುದನಿಗೆ ಇವರ ದನಿ ಕೂಡಿತು. 1980ರ ಮೇ 2ರಂದು ಸರ್ಕಾರ ಹಾಡನ್ನು ನಿಷೇಧಿಸಿತು. ತಟ್ಟೆಗೂ ಅದೇ ಗತಿಯಾಯಿತು. ಆ ತಿಂಗಳ ಕೊನೆಗೆ ಕೇಪ್‌ಟೌನಿನ ಎಲ್ಸೀಸ್ ರಿವರ್‌ನಲ್ಲಿ ಪೊಲೀಸರ ಗುಂಡಿಗೆ ಎಳೆಯರು ಬಿದ್ದರು.

ನಾವು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಾಡಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಅಂಗಡಿಯಲ್ಲಿ ಮಾರಾಟವಾಗುತ್ತಿದ್ದಾಗ ಅದು ಮನರಂಜನೆ. ಚಳವಳಿಯ ಮಕ್ಕಳು ಹಾಡಿದ ಮೇಲೆ ಅದು ರಾಜ್ಯದ್ರೋಹ! ವಿಮರ್ಶಕರು ತಿಂಗಳುಗಟ್ಟಲೆ ಕೂತು ಮಾಡುವ ಅರ್ಥವಿವರಣೆಯನ್ನು ಅಲ್ಲಿನ ಸರ್ಕಾರ ಒಂದು ಗೆಜೆಟ್ಟಿನಲ್ಲಿ ಮಾಡಿ ಮುಗಿಸಿತು. ಆಳುವವರು ನಮ್ಮ ಪಂಡಿತರಿಗಿಂತ ಒಳ್ಳೆಯ ಓದುಗರು. ಕವಿತೆ ಯಾವಾಗ ಬರೀ ಕವಿತೆ, ಯಾವಾಗ ಅಲ್ಲ ಎಂಬುದು ಅವರಿಗೆ ಬೇಗ ಗೊತ್ತಾಗುತ್ತದೆ. ವಾಟರ್ಸ್ ಮನಸ್ಸಿನಲ್ಲಿ ಇದ್ದದ್ದು ಕೇಂಬ್ರಿಜ್‌ನ ಒಂದು ಶಾಲೆ, ಕೆಲವು ಕ್ರೂರಿ ಮೇಷ್ಟ್ರುಗಳು. ತಾನು ವಿದ್ಯೆಯ ವಿರೋಧಿಯಲ್ಲ ಎಂದು ಆತನೂ ಹೇಳಿದ್ದಾನೆ. ಕೇಪ್‌ಟೌನಿನ ಮಕ್ಕಳಿಗೆ ಆತನ ಮೇಷ್ಟ್ರುಗಳನ್ನು ಕಟ್ಟಿಕೊಂಡು ಏನಾಗಬೇಕು? ಅವರ ಎದುರಿಗೆ ಅವರದೇ ಗೋಡೆ ಇತ್ತು. ಹಾಡು ಬರೆದವನದು ಒಂದು ಪಾಲು. ಯಾವ ಗೋಡೆಯ ಎದುರು ನಿಂತು ಹಾಡುತ್ತಾರೆ ಎಂಬುದು ಉಳಿದ ಪಾಲು.

ಈಗ ನಮ್ಮ ಪ್ರಶ್ನೆಗೆ ಉತ್ತರ ಹತ್ತಿರ ಬಂತು. ವಿದ್ಯೆ ಬೇಡ ಎಂದು ಹಾಡಿದ ಆ ಮಕ್ಕಳು ಬೇಡಿಕೆಯ ಪಟ್ಟಿಯಲ್ಲಿ ಕೇಳಿದ್ದೇನು? ಪಠ್ಯಪುಸ್ತಕ ಕೊಡಿ ಅಂದರು. ಒಡೆದ ಕಿಟಕಿ, ಹಾಳುಬಿದ್ದ ಕಟ್ಟಡ ದುರಸ್ತಿ ಮಾಡಿಸಿ ಅಂದರು. ಕೆಲಸದಿಂದ ತೆಗೆದುಹಾಕಿದ ಮೇಷ್ಟ್ರುಗಳನ್ನು ವಾಪಸು ಕರೆಸಿ ಅಂದರು. ಜನಾಂಗಕ್ಕೊಂದು ಶಾಲೆ ಬೇಡ, ಎಲ್ಲರಿಗೂ ಒಂದೇ ಶಿಕ್ಷಣ ಕೊಡಿ ಅಂದರು. ಇನ್ನೂ ದೊಡ್ಡ ಮಾತೆಂದರೆ ಬಹಿಷ್ಕಾರದ ದಿನಗಳಲ್ಲೂ ಎಷ್ಟೋ ಮಕ್ಕಳು ದಿನಾ ಶಾಲೆಗೆ ಬರುತ್ತಿದ್ದರು. ಸರ್ಕಾರದ ಪಾಠ ಬಿಟ್ಟು ತಮ್ಮ ಚರಿತ್ರೆ, ತಮ್ಮ ರಾಜಕೀಯ ಚರ್ಚಿಸುತ್ತಿದ್ದರು. ಇದು ಓದು ಬೇಡ ಅನ್ನುವವರ ನಡತೆಯೇ? ಎರಡು ಇಲ್ಲ ಸೇರಿ ಹೌದು ಆಗುತ್ತದೆ ಎಂದು ನಕ್ಕ ಪಂಡಿತರ ವ್ಯಾಕರಣ ಕೇಪ್‌ಟೌನಿನ ಬೀದಿಯಲ್ಲಿ ನಿಜವೇ ಆಯಿತು. ಜೀತದ ವಿದ್ಯೆ ಇಲ್ಲ, ಜೀತವೂ ಇಲ್ಲ. ಹಾಗಾಗಿ ವಿದ್ಯೆ ಬೇಕೇ ಬೇಕು.

ಹೀಗೆಂದು ಎಲ್ಲವನ್ನೂ ಚೆಂದ ಮಾಡಿ ಹೇಳಿದರೆ ಸುಳ್ಳಾಗುತ್ತದೆ. ಎಂಬತ್ತರ ದಶಕದ ನಡುವೆ ಅಲ್ಲಿ ಮೊದಲು ವಿಮೋಚನೆ, ಆಮೇಲೆ ವಿದ್ಯೆ ಎಂಬ ಘೋಷಣೆ ಬಲವಾಯಿತು. ಮಕ್ಕಳು ವರ್ಷಗಟ್ಟಲೆ ಶಾಲೆ ಬಿಟ್ಟರು. ಬಿಳಿಯ ಮಕ್ಕಳು ಮಾತ್ರ ನಿಶ್ಚಿಂತೆಯಿಂದ ಓದುತ್ತಿದ್ದರು. ಬಹಿಷ್ಕಾರದ ಕತ್ತಿ ಹಿಡಿದವರ ಕೈಯನ್ನೇ ಕೊಯ್ಯತೊಡಗಿತು. ಆಗ ಎಚ್ಚೆತ್ತವರು ತಂದೆತಾಯಿಗಳು. 1985ರ ಡಿಸೆಂಬರಿನಲ್ಲಿ ಸೊವೆಟೋದ ಪೋಷಕರ ಸಮಿತಿ ಜೊಹಾನ್ಸ್‌ಬರ್ಗಿನಲ್ಲಿ ಸಮಾವೇಶ ಕರೆಯಿತು. ಮಕ್ಕಳು ಶಾಲೆಗೆ ಮರಳಲಿ, ಆದರೆ ಶಾಲೆ ಹಳೆಯದಾಗಿ ಉಳಿಯದಿರಲಿ ಎಂಬ ತೀರ್ಮಾನವಾಯಿತು. ಜನರ ಅಧಿಕಾರಕ್ಕಾಗಿ ಜನರ ಶಿಕ್ಷಣ ಎಂಬುದು ಹೊಸ ಘೋಷಣೆ. ವಿದ್ಯಾರ್ಥಿ, ಪೋಷಕ, ಮೇಷ್ಟ್ರು ಮೂವರೂ ಕೂಡಿ ಕಲಿಯುವುದನ್ನು ತಾವೇ ಗೊತ್ತುಮಾಡಬೇಕು ಎಂಬುದು ಅದರ ತಿರುಳು. ಇದಕ್ಕೂ ನಲವತ್ತು ವರ್ಷ ಮೊದಲು, 1945ರಲ್ಲಿ, ಬಾಬಾಸಾಹೇಬರು ಮುಂಬಯಿಯಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಪೀಪಲ್ಸ್ ಎಜುಕೇಶನ್ ಸೊಸೈಟಿ. ಒಬ್ಬರ ಮಾತು ಇನ್ನೊಬ್ಬರು ಕೇಳಿ ಇಟ್ಟ ಹೆಸರಲ್ಲ ಅದು. ಒಂದೇ ಥರದ ಗೋಡೆಗೆ ತಲೆ ಚಚ್ಚಿಕೊಂಡವರಿಗೆ ಒಂದೇ ಥರದ ಮಾತು ಹೊಳೆಯುತ್ತದೆ.

1994ರಲ್ಲಿ ಅಲ್ಲಿ ಎಲ್ಲರೂ ಮತ ಹಾಕಿದರು, ವರ್ಣಭೇದದ ಸರ್ಕಾರ ಹೋಯಿತು. ಹಾಡು ಮಾತ್ರ ನಿಲ್ಲಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮರುವರ್ಷ, 1990ರ ಜುಲೈಯಲ್ಲಿ, ಗೋಡೆಯಿದ್ದ ಜಾಗದಲ್ಲೇ ವಾಟರ್ಸ್ ಇಡೀ ಕಥನ ಹಾಡಿದ. 2006ರಲ್ಲಿ ಪ್ಯಾಲೆಸ್ಟೀನಿನವರನ್ನು ಸುತ್ತುಗಟ್ಟಿದ ಇಸ್ರೇಲಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ. 2010ರಲ್ಲಿ ಕೆನಡಾದಲ್ಲಿ ನೆಲೆಸಿದ ಇರಾನಿ ಮೂಲದ ತರುಣರು ಮೇಷ್ಟ್ರನ್ನು ಕೂಗುವ ಜಾಗದಲ್ಲಿ ಅಯಾತೊಲ್ಲಾನನ್ನು ಕೂಗಿ ಹಾಡಿದರು. ಗೋಡೆ ಬೇರೆ ಬೇರೆ, ಸಂಬೋಧನೆ ಬೇರೆ ಬೇರೆ.

ನಮ್ಮ ಗೋಡೆಯ ಮಾತೇನು? ನಮಗೆ ಶಾಲೆಯ ಬಾಗಿಲು ಕಾನೂನಿನಲ್ಲಿ ತೆರೆದಿದೆ. ಒಳಗೆ ಹೋದ ಮೇಲೆ ಗೋಡೆ ಸಿಗುತ್ತದೆ. ದಲಿತ ಹೆಂಗಸು ಬೇಯಿಸಿದಳೆಂದು ಬಿಸಿಯೂಟದ ತಟ್ಟೆ ಮುಟ್ಟದ ಮಕ್ಕಳ ಸುದ್ದಿ, ಶೌಚಾಲಯ ತೊಳೆಯಲು ಕೇರಿಯ ಮಕ್ಕಳನ್ನೇ ಕಳಿಸಿದ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮ ಮನೆಮಾತು ತಪ್ಪು, ನಮ್ಮ ಊಟ ಹೊಲಸು, ನಮ್ಮ ದೇವರು ಮೂಢನಂಬಿಕೆ ಎಂದು ಪಾಠದ ನಡುವೆ ಸದ್ದಿಲ್ಲದೆ ಕಲಿಸುವುದೂ ನಡೆದಿದೆ. ಹಾಗಂತ ಶಾಲೆ ಬಿಡಿ ಎಂದು ನಮ್ಮ ಮಕ್ಕಳಿಗೆ ಹೇಳುವವನು ಯಾರೇ ಆಗಲಿ, ಅವನು ಫರ್ವೂರ್ಟನ ಕೆಲಸವನ್ನೇ ಬಿಟ್ಟಿಯಾಗಿ ಮಾಡಿಕೊಟ್ಟಂತೆ. ಶಾಲೆಗೆ ಹೋಗಬೇಕು, ಗೋಡೆಯನ್ನು ಗುರುತಿಸಬೇಕು, ಎರಡೂ ಒಟ್ಟಿಗೆ ಆಗಬೇಕು.

ಹಳ್ಳಿಯ ಶಾಲೆಗಳಲ್ಲಿರುವ ನಮ್ಮ ಮೇಷ್ಟ್ರುಗಳೆ, ಈ ಹಾಡನ್ನು ಒಮ್ಮೆ ತರಗತಿಯಲ್ಲಿ ಕೇಳಿಸಿ. ಅರ್ಥ ನೀವು ಹೇಳಬೇಡಿ. ಇದು ಲಂಡನ್ನಿನ ಮಕ್ಕಳು ಹಾಡಿದ್ದು, ಕೇಪ್‌ಟೌನಿನ ಮಕ್ಕಳು ಹಾಡಿ ಏಟು ತಿಂದದ್ದು ಎಂದಷ್ಟೇ ಹೇಳಿ. ಆಮೇಲೆ ನಮ್ಮ ಶಾಲೆಯಲ್ಲಿ ಇಟ್ಟಿಗೆ ಯಾವುದು ಅಂತ ಕೇಳಿ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಮಗು 'ಹ'ಕಾರ ಬಿಟ್ಟೇ ಉತ್ತರ ಹೇಳಲಿ. ತಿದ್ದಬೇಡಿ, ಬರೆದುಕೊಳ್ಳಿ. ಅದು ನಿಮ್ಮ ಕಡೆಗೇ ಬೊಟ್ಟು ಮಾಡಿದರೂ ಬರೆದುಕೊಳ್ಳಿ.